ಯಾವ ತುತ್ತಿನಿಂದ ಬಂದ ರೋಗ?

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ರೋಗ ಬಂದರೆ ಅದಕ್ಕೆ ಉಂಡವನೇ ಹೊಣೆ ಎಂಬ ಅರ್ಥವೂ ಆ ಮಾತಿನಲ್ಲಿ ಅಡಗಿದೆ. ಅಮೆರಿಕದ ನ್ಯಾಯಾಲಯಗಳ ಮುಂದೆ ಬರುತ್ತಿರುವ ಒಂದು ಬಗೆಯ ದಾವೆಗಳು ಈ ಅರ್ಥವನ್ನೇ ಪ್ರಶ್ನಿಸುತ್ತಿವೆ. ಉಂಡವನು ಮಗುವಾಗಿದ್ದರೆ? ಉಣಿಸಿದವರು ದೊಡ್ಡ ದೊಡ್ಡ ವ್ಯಾಪಾರ ಸಂಸ್ಥೆಗಳಾಗಿದ್ದರೆ? ಆ ಉಣಿಸು ಎಂಥದೆಂಬುದು ತಾಯಿತಂದೆಯರಿಗೂ ತಿಳಿಯದಂತಿದ್ದರೆ? ಆಗ ಹೊಣೆ ಯಾರದು? ಮೂವತ್ತು ವರ್ಷ ಸಿವಿಲ್ ನ್ಯಾಯಾಲಯಗಳಲ್ಲಿ ವಕೀಲಿ ಮಾಡಿ ನಿವೃತ್ತನಾದವನು ನಾನು. ಈ ಪ್ರಶ್ನೆಯನ್ನು ನಾನು ಕಂಡಂತೆ ಈ ಹತ್ತು ನಿಮಿಷಗಳಲ್ಲಿ ನಿಮ್ಮ ಮುಂದಿಡುತ್ತೇನೆ.

2024ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಹದಿನೆಂಟು ವರ್ಷದ ಒಬ್ಬ ಯುವಕ ಹನ್ನೊಂದು ಆಹಾರ ಕಂಪೆನಿಗಳ ಮೇಲೆ ದಾವೆ ಹೂಡಿದ. ಕ್ರಾಫ್ಟ್ ಹೈನ್ಸ್, ಕೋಕಾ ಕೋಲಾ, ಪೆಪ್ಸಿಕೋ, ನೆಸ್ಲೆಯ ಅಮೆರಿಕನ್ ಶಾಖೆ ಮೊದಲಾದವು ಪ್ರತಿವಾದಿಗಳು. ಹದಿನಾರನೆಯ ವಯಸ್ಸಿನಲ್ಲಿ ಆತನಿಗೆ ಎರಡು ರೋಗಗಳಿರುವುದು ಪತ್ತೆಯಾಗಿತ್ತು. ಒಂದು, ಎರಡನೆಯ ಬಗೆಯ ಮಧುಮೇಹ. ಇನ್ನೊಂದು, ಮದ್ಯಪಾನದ ಸಂಬಂಧವಿಲ್ಲದೆಯೇ ಯಕೃತ್ತಿನಲ್ಲಿ ಕೊಬ್ಬು ತುಂಬುವ ರೋಗ. ಮೊದಲನೆಯದನ್ನು ಹಿಂದೆ ವೈದ್ಯರು 'ವಯಸ್ಕರ ಮಧುಮೇಹ' ಎಂದೇ ಕರೆಯುತ್ತಿದ್ದರು. ಮಕ್ಕಳಲ್ಲಿ ಅದು ಅಷ್ಟು ಅಪರೂಪವಾಗಿತ್ತು. ತನ್ನ ರೋಗಗಳಿಗೆ ಈ ಕಂಪೆನಿಗಳ ಅತಿಸಂಸ್ಕರಿತ ಆಹಾರವೇ ಕಾರಣವೆಂದೂ, ಅವು ಅಪಾಯವನ್ನು ಅರಿತೂ ಮಕ್ಕಳನ್ನು ಗುರಿಯಾಗಿಸಿಕೊಂಡು ಮಾರಿದುವೆಂದೂ ಆತನ ಆರೋಪ.

'ಅತಿಸಂಸ್ಕರಿತ' ಎಂಬ ಮಾತನ್ನು ಸ್ವಲ್ಪ ಬಿಡಿಸಬೇಕು. ಸಂಸ್ಕರಣವೇನೂ ದೋಷವಲ್ಲ. ಬೇಳೆಯನ್ನು ಹುರಿಯುವುದು, ದೋಸೆಯ ಹಿಟ್ಟನ್ನು ಹುದುಗಿಸುವುದು, ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಡುವುದು, ಎಲ್ಲವೂ ಸಂಸ್ಕರಣವೇ. ಬ್ರೆಜಿಲ್ ದೇಶದ ಸಾವೊ ಪಾಲೊ ವಿಶ್ವವಿದ್ಯಾನಿಲಯದ ಕಾರ್ಲೋಸ್ ಮೊಂಟೆರೊ ಎಂಬ ವಿದ್ವಾಂಸರು 2009ರಲ್ಲಿ ಆಹಾರವನ್ನು ಅದರ ಪೋಷಕಾಂಶಗಳಿಂದಲ್ಲ, ತಯಾರಾದ ರೀತಿಯಿಂದ ವಿಂಗಡಿಸಬೇಕೆಂದು ಸೂಚಿಸಿದರು. ಅವರ ಗುಂಪಿನವರು ರೂಪಿಸಿದ ನೋವಾ ಎಂಬ ವಿಂಗಡಣೆಯಲ್ಲಿ ನಾಲ್ಕು ವರ್ಗಗಳಿವೆ. ಕೊನೆಯದೇ ಅತಿಸಂಸ್ಕರಿತ ಆಹಾರ. ಜೋಳವನ್ನೋ ಸೋಯಾವನ್ನೋ ಕಾರ್ಖಾನೆಯಲ್ಲಿ ಒಡೆದು, ಅದರ ಪಿಷ್ಟ, ಸಕ್ಕರೆ, ಎಣ್ಣೆ, ಸಸಾರಜನಕಗಳನ್ನು ಬೇರ್ಪಡಿಸಿ, ಬಣ್ಣ, ಪರಿಮಳ, ಹದಗಾರಕ ದ್ರವ್ಯಗಳೊಡನೆ ಪುನಃ ಜೋಡಿಸಿದ ಪದಾರ್ಥಗಳಿವು. ಗೃಹಿಣಿಯ ಅಡಿಗೆಮನೆಯಲ್ಲಿ ಇವನ್ನು ಮಾಡುವುದು ಸಾಧ್ಯವಿಲ್ಲ.

ಇಂಥ ಆಹಾರ ತಿನ್ನುವವನ ಮೇಲೆ ಮಾಡುವ ಪರಿಣಾಮವೇನು? 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು ಇಪ್ಪತ್ತು ಮಂದಿ ವಯಸ್ಕರನ್ನು ಎರಡು ವಾರ ಈ ಆಹಾರದ ಮೇಲೆ, ಎರಡು ವಾರ ಸಾದಾ ಆಹಾರದ ಮೇಲೆ ಇಟ್ಟು ನೋಡಿದರು. ಮುಂದಿಟ್ಟ ಆಹಾರದಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡೂ ಕಡೆ ಸಮವಾಗಿದ್ದುವು. ಎಷ್ಟು ಬೇಕೋ ಅಷ್ಟು ತಿನ್ನುವ ಸ್ವಾತಂತ್ರ್ಯವೂ ಇತ್ತು. ಅತಿಸಂಸ್ಕರಿತ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಾಗಿ ತಿಂದರು. ಎರಡು ವಾರದಲ್ಲಿ ಒಂದು ಕಿಲೋಗ್ರಾಮಿಗೆ ಸಮೀಪ ತೂಕ ಹೆಚ್ಚಿತು. 'ಸಾಕು' ಎಂದು ಹೊಟ್ಟೆ ಹೇಳುವ ಮೊದಲೇ ಕೈ ಮತ್ತೆ ತಟ್ಟೆಗೆ ಹೋಗುತ್ತಿತ್ತೆಂದಾಯಿತು. ವಯಸ್ಕರ ಪಾಡೇ ಹೀಗಾದರೆ ಮಕ್ಕಳ ಮಾತೇನು ಎಂದು ಕೇಳಬೇಕೆನ್ನಿಸುತ್ತದೆ.

ಆದರೂ 2025ರ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾದ ಒಕ್ಕೂಟ ನ್ಯಾಯಾಲಯದ ನ್ಯಾಯಾಧೀಶೆ ಮಿಯಾ ಪೆರೆಜ್ ಈ ದಾವೆಯನ್ನು ವಜಾ ಮಾಡಿದರು. ಇಂಥ ಆಹಾರ ಮಕ್ಕಳ ಮೇಲೆ ಮಾಡುವ ಪರಿಣಾಮದ ಬಗ್ಗೆ ನ್ಯಾಯಾಲಯಕ್ಕೆ ತೀವ್ರ ಕಳವಳವಿದೆ ಎಂದು ಬರೆದ ಅವರೇ ಅದನ್ನು ವಜಾ ಮಾಡಬೇಕಾಯಿತು. ವಾದಿ ನೂರಕ್ಕೂ ಮಿಕ್ಕ ಬ್ರ್ಯಾಂಡುಗಳನ್ನು ಹೆಸರಿಸಿದ್ದ. ಆದರೆ ಅವುಗಳಲ್ಲಿ ಯಾವ ಯಾವ ಪದಾರ್ಥವನ್ನು, ಯಾವಾಗ, ಎಷ್ಟು ಸಲ ತಿಂದೆನೆಂದು ಹೇಳಿರಲಿಲ್ಲ. ಹೇಳದಿದ್ದಲ್ಲಿ ಯಾವ ಪ್ರತಿವಾದಿ ಯಾವ ಹಾನಿಗೆ ಕಾರಣನೆಂದು ನಿರ್ಣಯಿಸುವುದು ಹೇಗೆ?

ಈ ಸುದ್ದಿಯನ್ನು ಓದಿದಾಗ ನನಗೆ ನಾನೇ ಸೋತ ಒಂದು ದಾವೆ ನೆನಪಾಯಿತು. ಒಬ್ಬ ರೈತನ ಬಾವಿಯ ಮೇಲ್ಭಾಗದಲ್ಲಿ ನೂಲಿಗೆ ಬಣ್ಣ ಹಾಕುವ ನಾಲ್ಕು ಶೆಡ್ಡುಗಳಿದ್ದುವು. ನಾಲ್ಕರ ನೀರೂ ಒಂದೇ ಕಾಲುವೆಗೆ ಬೀಳುತ್ತಿತ್ತು. ಬಾವಿಯ ನೀರು ಕೆಟ್ಟಿತು. ದನ ಮೂಸಿ ನೋಡಿ ಹಿಂತಿರುಗತೊಡಗಿತು. ನಾವು ನಾಲ್ವರನ್ನೂ ಪ್ರತಿವಾದಿಗಳಾಗಿ ಮಾಡಿದೆವು. ಪಾಟೀಸವಾಲಿನಲ್ಲಿ ಎದುರು ವಕೀಲರು ಕೇಳಿದ್ದು ಒಂದೇ ಪ್ರಶ್ನೆ: 'ನಿನ್ನ ಬಾವಿಯಲ್ಲಿರುವುದು ಯಾರ ಬಣ್ಣ?' ನನ್ನ ಕಕ್ಷಿಗಾರ ಬಹಳ ಹೊತ್ತು ಸುಮ್ಮನೆ ನಿಂತು, 'ಎಲ್ಲರದೂ ಸ್ವಾಮಿ' ಎಂದ. ಅದು ನಿಜವಾದ ಉತ್ತರವೇ ಆಗಿತ್ತು. ಆದರೆ ನ್ಯಾಯಾಲಯಕ್ಕೆ ಬೇಕಾಗಿದ್ದ ಉತ್ತರ ಅದಲ್ಲ. ಹನಿ ಹನಿಗೂಡಿದರೆ ಹಳ್ಳ ಎನ್ನುತ್ತೇವೆ. ಹಳ್ಳ ಮನೆಯನ್ನು ಕೊಚ್ಚಿಕೊಂಡು ಹೋದ ಮೇಲೆ ಯಾವ ಹನಿಯಿಂದ ಹೋಯಿತೆಂದು ಕೇಳಿದರೆ ಯಾರು ತಾನೇ ಹೇಳಬಲ್ಲರು?

ಹಾಗೆಂದು ನ್ಯಾಯಾಧೀಶರನ್ನು ದೂಷಿಸಲಾರೆ. ತಾನು ಮಾಡದ ಹಾನಿಗೆ ಯಾರೂ ದಂಡ ತೆರಬಾರದೆಂಬುದು ನಾಗರಿಕ ನ್ಯಾಯದ ಮೂಲಸೂತ್ರ. ತೊಂದರೆಯೆಂದರೆ, ಆ ಸೂತ್ರ ಹುಟ್ಟಿದ್ದು ಒಂದು ಕೈ, ಒಂದು ಏಟು, ಒಂದು ಗಾಯವಿದ್ದ ಕಾಲದಲ್ಲಿ. ದಿನದಿನವೂ ಹತ್ತು ಕೈಗಳಿಂದ ಬಂದು ಹದಿನೈದು ವರ್ಷಗಳಲ್ಲಿ ಮೈಗೂಡುವ ಗಾಯವನ್ನು ಅದು ಕಾಣಲಾರದು. 2002ರಲ್ಲಿ ನ್ಯೂಯಾರ್ಕಿನಲ್ಲಿ ಮಕ್ಕಳ ಪರವಾಗಿ ಮ್ಯಾಕ್‌ಡೊನಾಲ್ಡ್ಸ್ ಸಂಸ್ಥೆಯ ಮೇಲೆ ಹೂಡಿದ ದಾವೆಗೂ ಇದೇ ಗತಿಯಾಯಿತು. ಅಲ್ಲಿಯ ಒಂದು ಕೋಳಿಯ ತಿನಿಸಿನಲ್ಲಿ ಮನೆಯ ಅಡಿಗೆಯವರು ಬಳಸದ ಎಷ್ಟೋ ದ್ರವ್ಯಗಳಿವೆ ಎಂದು ನ್ಯಾಯಾಧೀಶ ರಾಬರ್ಟ್ ಸ್ವೀಟ್ ಗುರುತಿಸಿದರು. ಆದರೂ 2003ರಲ್ಲಿ ದಾವೆಯನ್ನು ವಜಾ ಮಾಡಿದರು. ಮೇಲಿನ ನ್ಯಾಯಾಲಯ 2005ರಲ್ಲಿ ಅದರ ಒಂದು ಭಾಗಕ್ಕೆ ಜೀವ ಕೊಟ್ಟಿತು. ಆದರೆ ಪ್ರತಿಯೊಂದು ಮಗುವಿನ ಸಂದರ್ಭವೂ ಬೇರೆ ಬೇರೆಯಾದ್ದರಿಂದ ಎಲ್ಲ ಮಕ್ಕಳ ಪರವಾಗಿ ಒಂದೇ ದಾವೆಯಾಗಿ ನಡೆಸುವಂತಿಲ್ಲವೆಂದು 2010ರಲ್ಲಿ ತೀರ್ಮಾನವಾಯಿತು.

ಇದಕ್ಕೆ ದಾರಿ ತೋರಿದ್ದು ತಂಬಾಕಿನ ಇತಿಹಾಸ. ಆಹಾರಕ್ಕೂ ತಂಬಾಕಿಗೂ ಎಲ್ಲಿಯ ನಂಟು ಎನ್ನಬೇಡಿ. ಸಿಗರೇಟು ತಯಾರಕರಾದ ಫಿಲಿಪ್ ಮಾರಿಸ್ 1985ರಲ್ಲಿ ಜನರಲ್ ಫುಡ್ಸ್ ಸಂಸ್ಥೆಯನ್ನೂ 1988ರಲ್ಲಿ ಕ್ರಾಫ್ಟ್ ಸಂಸ್ಥೆಯನ್ನೂ ಕೊಂಡುಕೊಂಡರು. ಅದೇ 1985ರಲ್ಲಿ ಆರ್. ಜೆ. ರೆನಾಲ್ಡ್ಸ್ ನಬಿಸ್ಕೊ ಬಿಸ್ಕತ್ತು ಸಂಸ್ಥೆಯನ್ನು ಸೇರಿಸಿಕೊಂಡಿತು. ಮಾಲೀಕತ್ವ ಅನಂತರ ಬೇರೆಯಾಯಿತು. ಮಾರುವ ವಿದ್ಯೆ ಮಾತ್ರ ಉಳಿಯಿತೆಂಬುದು ಫಿಲಡೆಲ್ಫಿಯಾದ ವಾದಿಯ ಆಕ್ಷೇಪ. 1954ರಿಂದ ಸುಮಾರು ನಾಲ್ಕು ದಶಕಗಳ ಕಾಲ ಒಬ್ಬೊಬ್ಬರೇ ರೋಗಿಗಳು ಸಿಗರೇಟು ಕಂಪೆನಿಗಳ ಮೇಲೆ ಹೂಡಿದ ದಾವೆಗಳು ಫಲಿಸಲಿಲ್ಲ. 'ಸೇದಿದವನು ನೀನೇ' ಎಂಬ ಉತ್ತರದ ಮುಂದೆ ಅವೆಲ್ಲ ಬಿದ್ದುವು. 1994ರಲ್ಲಿ ಮಿಸಿಸಿಪ್ಪಿ ರಾಜ್ಯವೇ ವಾದಿಯಾಗಿ ನಿಂತಿತು. ಬಡರೋಗಿಗಳ ಚಿಕಿತ್ಸೆಗೆ ಬೊಕ್ಕಸ ತೆತ್ತ ಹಣವನ್ನು ಹಿಂತಿರುಗಿಸಿ ಎಂದು ಅದು ಕೇಳಿತು. ರಾಜ್ಯ ಎಂದೂ ಸಿಗರೇಟು ಸೇದಿರಲಿಲ್ಲ. ಆದುದರಿಂದ ಹಳೆಯ ಉತ್ತರ ಅಲ್ಲಿ ಸಲ್ಲಲಿಲ್ಲ. 1998ರಲ್ಲಿ 46 ರಾಜ್ಯಗಳೊಡನೆ ರಾಜಿಯಾಗಿ, 25 ವರ್ಷಗಳಲ್ಲಿ ಸುಮಾರು 206 ಶತಕೋಟಿ ಡಾಲರು ಕೊಡಲು ಕಂಪೆನಿಗಳು ಒಪ್ಪಿಕೊಂಡುವು.

2025ರ ಡಿಸೆಂಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರ ಇದೇ ಹಾದಿ ಹಿಡಿಯಿತು. ನಗರದ ಅಟಾರ್ನಿ ಡೇವಿಡ್ ಚಿಯು ಹತ್ತು ಆಹಾರ ಕಂಪೆನಿಗಳ ಮೇಲೆ ದಾವೆ ಹೂಡಿದರು. ಇಲ್ಲಿ ಒಂದು ಮಗು ತಿಂದ ಒಂದು ಪೊಟ್ಟಣದ ಲೆಕ್ಕ ಮುಖ್ಯವಲ್ಲ. ಅನುಚಿತ ವ್ಯಾಪಾರ ಪದ್ಧತಿ, ಸಾರ್ವಜನಿಕ ಉಪದ್ರವ ಎಂಬ ಎರಡು ಆಧಾರಗಳ ಮೇಲೆ ದಾವೆ ನಿಂತಿದೆ. ಮೋಸದ ಪ್ರಚಾರ ನಿಲ್ಲಬೇಕು, ಮಕ್ಕಳನ್ನು ಕುರಿತ ಜಾಹೀರಾತಿಗೆ ಮಿತಿ ಬೇಕು, ಚಿಕಿತ್ಸೆಯ ವೆಚ್ಚವನ್ನು ಭರಿಸಲು ದಂಡ ಸಲ್ಲಬೇಕು ಎಂಬುದು ನಗರದ ಕೋರಿಕೆ. ಅತಿಸಂಸ್ಕರಿತ ಆಹಾರಕ್ಕೆ ಎಲ್ಲರೂ ಒಪ್ಪಿದ ವೈಜ್ಞಾನಿಕ ಲಕ್ಷಣವೇ ಇಲ್ಲ ಎಂಬುದು ಉದ್ಯಮದವರ ಸಮಾಧಾನ. ಈ ಆಕ್ಷೇಪ ಹುರುಳಿಲ್ಲದ್ದಲ್ಲ. ನೋವಾ ವಿಂಗಡಣೆಯ ಅಂಚಿನಲ್ಲಿ ಚರ್ಚೆಗೆ ಎಡೆಯಿದೆ. ಆದರೆ ಶಾಲೆಯ ಊಟಕ್ಕಾಗಿ ಕ್ಯಾಲಿಫೋರ್ನಿಯಾ ರಾಜ್ಯ 2025ರ ಅಕ್ಟೋಬರಿನಲ್ಲಿ ಶಾಸನದ ಮೂಲಕವೇ ಅಂಥ ಒಂದು ಲಕ್ಷಣವನ್ನು ಕೊಟ್ಟಿದೆ.

ನಗರ ಗೆದ್ದರೂ ದಂಡದ ಹಣ ಸೇರುವುದು ಬೊಕ್ಕಸಕ್ಕೆ. ಫಿಲಡೆಲ್ಫಿಯಾದ ಆ ಯುವಕನ ಯಕೃತ್ತು ಅದರಿಂದ ಗುಣವಾಗದು. ದಾವೆ ಯಾವಾಗಲೂ ಗಾಯದ ಹಿಂದೆ ಬರುತ್ತದೆ. ಮುಂದೆ ಹೋಗಬೇಕಾದುದು ಶಾಸನ. ನಮ್ಮ ದೇಶದಲ್ಲಿಯೂ 2020ರ ನಿಯಮಗಳು ಕೊಬ್ಬು, ಸಕ್ಕರೆ, ಉಪ್ಪು ವಿಪರೀತವಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಿ ಮತ್ತು ಅದರ ಬಾಗಿಲಿನಿಂದ 50 ಮೀಟರುಗಳೊಳಗೆ ಮಕ್ಕಳಿಗೆ ಮಾರಬಾರದೆಂದು ವಿಧಿಸಿವೆ. ನಿಮ್ಮ ಬೀದಿಯ ಶಾಲೆಯ ಬಾಗಿಲಿನಿಂದ ಐವತ್ತು ಮೀಟರು ನಡೆದು ನೋಡಿ. ನಿಯಮ ಪುಸ್ತಕದಲ್ಲಿದೆಯೋ ಬೀದಿಯಲ್ಲಿದೆಯೋ ತಿಳಿಯುತ್ತದೆ.

ನನ್ನ ಕಕ್ಷಿಗಾರ ಆ ದಿನ ನ್ಯಾಯಾಲಯದ ಮೆಟ್ಟಿಲಿಳಿಯುತ್ತ, 'ನಾನು ಹೇಳಿದ್ದರಲ್ಲಿ ತಪ್ಪೇನಿತ್ತು ಸ್ವಾಮಿ?' ಎಂದು ಕೇಳಿದ್ದ. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಅವನು ತಪ್ಪು ಹೇಳಿರಲಿಲ್ಲ; 'ಎಲ್ಲರದೂ' ಎಂಬ ಉತ್ತರವನ್ನು ಕೇಳಿಸಿಕೊಳ್ಳುವ ಕಿವಿ ನಮ್ಮ ನ್ಯಾಯಕ್ಕೆ ಇನ್ನೂ ಬಂದಿರಲಿಲ್ಲ. ದೂರದ ಒಂದು ನಗರ ಈಗ ಅದೇ ಉತ್ತರವನ್ನು ಹಿಡಿದು ಕಟಕಟೆಯ ಮುಂದೆ ನಿಂತಿದೆ.