ಗಾಳಿ ನಿಂತ ಮೇಲಿನ ಎಚ್ಚರ

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋದಾಗ ಮರಗಳ ಜೊತೆ ವಿದ್ಯುತ್ ಕಂಬಗಳೂ ಉರುಳಿದವು. ಗಾಳಿ ಬೀಸುವಾಗ ನಾವೆಲ್ಲ ಮನೆಯೊಳಗಿರುತ್ತೇವೆ. ನಿಂತ ಕೂಡಲೇ ‘ತೋಟ ಏನಾಯ್ತೋ’ ಅಂತ ಓಡ್ತೇವೆ. ಅಪಾಯ ಇರುವುದು ಅಲ್ಲೇ. ಕಡಿದು ಬಿದ್ದ ತಂತಿ ಅಡಿಕೆ ಸೋಗೆಯ ಕೆಳಗೆ ಕಾಣಿಸದು. ಒದ್ದೆ ನೆಲದಲ್ಲಿ ವಿದ್ಯುತ್ತು ಸುತ್ತಲೂ ಹರಡಿ, ತಂತಿ ಮುಟ್ಟದಿದ್ದರೂ ಹೊಡೆಯುತ್ತದೆ.

ಆದ್ದರಿಂದ ಬಿರುಗಾಳಿಯ ಮುನ್ಸೂಚನೆ ಬಂದಾಗಲೇ ಪಂಪಿನ ಮೈನ್ ಸ್ವಿಚ್ಚು ಆರಿಸಿ. ಗಾಳಿ ನಿಂತರೂ ಬೆಳಕು ಹರಿಯುವ ತನಕ ತಾಳಿ. ತಂತಿ ಬಿದ್ದಿದ್ದರೆ ದೂರವೇ ನಿಂತು, ಮಕ್ಕಳನ್ನೂ ದನಕರುಗಳನ್ನೂ ತಡೆದು, 1912ಕ್ಕೆ ತಿಳಿಸಿ. ಲೈನ್‌ಮನ್ ಬಂದು ಹೇಳುವವರೆಗೆ ಕೋಲಿನಿಂದಲೂ ಮುಟ್ಟಕೂಡದು. ಮರ ಹೋದರೆ ಸಸಿ ನೆಡಬಹುದು. ಹೋದ ಜೀವ ಬಾರದು.