ಬಯಲಿನ ಹುಲ್ಲು ಯಾರದು?

ಮಳೆಗಾಲ ಮುಗಿಯುವ ಹೊತ್ತಿಗೆ ಮಾಕಣಿ ಸೀಮೆಯ ಬಯಲುಗಳಲ್ಲಿ ಹುಲ್ಲು ಸೊಂಟಮಟ್ಟ ಬೆಳೆದು ನಿಂತಿರುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪವು ಇಲ್ಲಿನ ಸಾವಿರಾರು ಜನರ ಪ್ರಾಣ ತೆಗೆದ ಮೇಲೆ, ಅನೇಕ ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಲಾಯಿತು. ಹಳೆಯ ಇಕ್ಕಟ್ಟಿನ ಓಣಿಗಳು ಹೋಗಿ ಅಗಲ ರಸ್ತೆಗಳು ಬಂದವು, ನಡುನಡುವೆ ಬಯಲು ಉಳಿಯಿತು. ಎಲ್ಲರದೂ ಆದ ಆ ಬಯಲನ್ನು ನೋಡಿಕೊಳ್ಳುವವರು ಮಾತ್ರ ಯಾರೂ ಇಲ್ಲ.

ಅಂಥ ಬಯಲೊಂದರ ಬಳಿ ನಾವು ನಿಂತಿದ್ದಾಗ ಅಜ್ಜಿಯೊಬ್ಬರು, "ಔಷಧ ಹೊಡೆಸಿ ಸುಟ್ಟುಬಿಡಿಸ್ರಿ ಫಾದರ್, ಹಾವು ಬಂದ್ರ ಮೊಮ್ಮಕ್ಕಳ ಗತಿ ಏನ್ರಿ?" ಎಂದು ಕೇಳಿದರು. ಆ ಭಯ ಸುಳ್ಳಲ್ಲ. ಆದರೆ ಬೇರುಸಹಿತ ಸುಟ್ಟ ನೆಲ ಖಾಲಿ ಉಳಿಯುವುದಿಲ್ಲ. ಅಲ್ಲಿ ಮೊದಲು ಏಳುವುದು ಕಾಂಗ್ರೆಸ್ ಕಸ. 1950ರ ದಶಕದಲ್ಲಿ ಪುಣೆಯಲ್ಲಿ ಕಂಡ ಈ ಕಳೆ ಇಂದು ದೇಶವೆಲ್ಲ ಹಬ್ಬಿದೆ. ಅದರಿಂದ ಮೈ ತುರಿಕೆ, ಉಬ್ಬಸ. ದನಕ್ಕೆ ಮೇವೂ ಅಲ್ಲ. ಬೇರಿನ ಹಿಡಿತ ತಪ್ಪಿದ ಎರೆಮಣ್ಣು ಮೊದಲ ಮಳೆಗೇ ಹಳ್ಳ ಸೇರುತ್ತದೆ. ಕೊನೆಗೆ ಹೂಳಾಗಿ ನಿಲ್ಲುವುದು ಮಾಕಣಿಯ ಬಳಿಯ ತೇರಣಾ ಜಲಾಶಯದಲ್ಲಿ.

ಹಾಗಾದರೆ ಮಾಡುವುದೇನು? ಮನೆ, ಶಾಲೆ, ಕಾಲುದಾರಿ ಇವುಗಳ ಅಂಚಿನಲ್ಲಿ ಹತ್ತು ಹೆಜ್ಜೆಯಷ್ಟು ಹುಲ್ಲನ್ನು ಆಗಾಗ ಕತ್ತರಿಸಿ ಗಿಡ್ಡವಾಗಿ ಇಡೋಣ. ಕಲ್ಲು, ಕಸದ ಗುಡ್ಡೆ ತೆಗೆಯೋಣ. ಇಲಿ ಸೇರುವುದು ಅಲ್ಲಿ, ಇಲಿಯ ಹಿಂದೆ ಹಾವು ಬರುತ್ತದೆ. ಉಳಿದ ಬಯಲನ್ನು ಮೂರು ಪಾಲು ಮಾಡೋಣ. ಲಾವಕ್ಕಿಗಳು ನೆಲದಲ್ಲೇ ಗೂಡು ಮಾಡುವುದರಿಂದ ಮರಿಗಳು ಹೊರಟ ಮೇಲೆ ಎರಡು ಪಾಲನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಕುಡುಗೋಲಿನಿಂದ ಕೊಯ್ದು ಮೇವಿಗೆ ಹಂಚೋಣ. ಮೂರನೆಯದು ಬೀಜ ಉದುರುವ ತನಕ ನಿಲ್ಲಲಿ. ಮರುವರ್ಷ ಪಾಲು ಬದಲಾಗಲಿ. ಬೆಂಕಿ ಮಾತ್ರ ಬೇಡ. ರಾತ್ರಿ ಬ್ಯಾಟರಿ ಹಿಡಿದು, ಕಾಲಿಗೆ ಬೂಟು ಹಾಕಿ ನಡೆಯೋಣ. ಹಾವು ಕಚ್ಚಿದರೆ ಮಂತ್ರ, ಬಿಗಿಯಾದ ಕಟ್ಟು ಬೇಡ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಅಸ್ಸಿಸಿಯ ಸಂತ ಫ್ರಾನ್ಸಿಸರು ಮಠದ ತೋಟದ ಒಂದು ಭಾಗವನ್ನು ಮುಟ್ಟದೆ ಬಿಡಿ, ಕಾಡು ಹೂವುಗಳು ಅಲ್ಲಿ ಬೆಳೆಯಲಿ ಎಂದು ಕೇಳಿಕೊಂಡಿದ್ದರು. ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸೀ' ಪತ್ರದಲ್ಲಿ ಇದನ್ನು ನೆನಪಿಸಿದ್ದಾರೆ. ಸಂತರ ಹಬ್ಬ ಅಕ್ಟೋಬರ್ 4. ನಮ್ಮ ಹುಲ್ಲು ತೆನೆ ಬಿಡುವ ಕಾಲವೂ ಅದೇ.

ಅಜ್ಜಿಗೆ ನಾವು ಹೇಳಿದ್ದೂ ಇಷ್ಟೇ: ನಿಮ್ಮ ಬಾಗಿಲಿನ ಮುಂದಿನ ಹತ್ತು ಹೆಜ್ಜೆ ನಾವೆಲ್ಲ ಸೇರಿ ಕೊಯ್ಯೋಣ, ಅದರಾಚೆಯ ಒಂದು ಪಾಲು ಹಕ್ಕಿಗಳಿಗಿರಲಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಕುಡುಗೋಲು ಮಸೆಸ್ತೀನ್ರಿ" ಎಂದರು. ನಮ್ಮ ಕುಟುಂಬಗಳೂ ಈ ವರ್ಷ ಅಷ್ಟು ಮಾಡಲಿ.