ಸೊಂಟ ನೋವು ರಕ್ತದಲ್ಲಿ ಕಾಣುತ್ತದೆಯೇ?

ಗುಂಡಿಮಗ್ಗದಲ್ಲಿ ರೇಷ್ಮೆ ನೇಯುವ ನಮ್ಮ ತಂದೆಗೆ ವಿಪರೀತ ಸೊಂಟ ನೋವು. ಸಕ್ಕರೆ ಕಾಯಿಲೆಯಂತೆ ಇದನ್ನೂ ರಕ್ತಪರೀಕ್ಷೆಯಲ್ಲಿ ಏಕೆ ಅಳೆಯಲಾಗದು? (ಓದುಗರೊಬ್ಬರು, ಕೊಳ್ಳೇಗಾಲ)

ಸಕ್ಕರೆ ಇರುವುದೇ ರಕ್ತದಲ್ಲಿ, ಅಳೆಯುವುದು ಸುಲಭ. ಸೊಂಟ ನೋವಿನ ಮೂಲ ಬೇರೆ ಕಡೆ. ಗುಂಡಿಗೆ ಕಾಲು ಇಳಿಬಿಟ್ಟು, ಮುಂದಕ್ಕೆ ಬಾಗಿ ದಿನವಿಡೀ ಲಾಳಿ ಆಡಿಸುವಾಗ ಕೆಳಬೆನ್ನಿನ ಮೂಳೆಗಳ ನಡುವಿನ ಡಿಸ್ಕ್ ಮೇಲೆ ಒತ್ತಡ ಬೀಳುತ್ತದೆ. ಸವೆದ ಡಿಸ್ಕ್‌ನ ಜೀವಕೋಶಗಳು ಇಂಟರ್‌ಲ್ಯೂಕಿನ್-6ರಂಥ ಉರಿಯೂತದ ರಾಸಾಯನಿಕಗಳನ್ನು ಸೂಸುತ್ತವೆ. ಅವು ಪಕ್ಕದ ನರವನ್ನು ಕೆಣಕುತ್ತವೆ. ಸಂಶೋಧಕರು ರಕ್ತದಲ್ಲಿ ಹುಡುಕುತ್ತಿರುವುದು ಇಂಥವನ್ನೇ.

ತೊಡಕೆಂದರೆ, ವಯಸ್ಕರ ಡಿಸ್ಕ್‌ನ ಒಳಭಾಗದಲ್ಲಿ ರಕ್ತನಾಳಗಳೇ ಇಲ್ಲ. ಅಲ್ಲಿಂದ ರಕ್ತಕ್ಕೆ ಜಿನುಗುವುದು ಅತ್ಯಲ್ಪ. ಸತ್ತೇಗಾಲದ ಬಳಿ ಕಾವೇರಿಗೆ ಒಂದು ಚೊಂಬು ಬಣ್ಣ ಸುರಿದು, ಶಿವನಸಮುದ್ರದ ಜಲಪಾತದ ಬುಡದಲ್ಲಿ ಅದನ್ನು ಹುಡುಕಿದಂತೆ! ಸಾಲದ್ದಕ್ಕೆ ಜ್ವರ, ವಸಡಿನ ಊತ, ಬೊಜ್ಜು ಇದ್ದರೂ ಅದೇ ರಾಸಾಯನಿಕ ಏರುತ್ತದೆ. ಸುರಿದವರು ಯಾರೆಂದು ಹೇಗೆ ಹೇಳುವುದು?

ಹಾಗೆಂದು ವೈದ್ಯರು ರಕ್ತಪರೀಕ್ಷೆ ಬರೆದುಕೊಟ್ಟರೆ ಬೇಡವೆನ್ನಬೇಡಿ. ಅದು ನೋವನ್ನು ಅಳೆಯಲು ಅಲ್ಲ, ಅದರ ಹಿಂದೆ ಅಡಗಿರಬಹುದಾದ ಬೇರೆ ಕಾಯಿಲೆ ಹಿಡಿಯಲು. ಇಎಸ್‌ಆರ್, ಸಿಆರ್‌ಪಿ ಎಂಬ ಉರಿಯೂತದ ಸೂಚಕಗಳು ತೀರಾ ಏರಿದ್ದರೆ ಬೆನ್ನುಮೂಳೆಯ ಕ್ಷಯದಂಥ ಸೋಂಕಿನ ಗುಮಾನಿ. ಹನೂರು, ಯಳಂದೂರು ಕಡೆ ದನ, ಮೇಕೆ ಸಾಕುವವರಿಗೆ ಬಿಟ್ಟುಬಿಟ್ಟು ಬರುವ ಜ್ವರ, ಬೆವರಿನ ಜೊತೆ ಸೊಂಟ ಹಿಡಿದರೆ ಬ್ರೂಸೆಲ್ಲಾ ಪರೀಕ್ಷೆಯನ್ನೂ ಕೇಳುವುದು ಒಳ್ಳೆಯದು. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಎತ್ತುವುದರಿಂದ, ಕಾಯಿಸದ ಹಾಲು ಕುಡಿಯುವುದರಿಂದ ಹರಡುವ ಸೋಂಕದು. ನಿಮ್ಮ ತಂದೆಯವರಿಗೆ ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಯಾವ ಪರೀಕ್ಷೆಗೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.